ಒದೆ ಕೇಳಿ ಬಂದವರಿಗೆ ನಾನು ಹೇಳಿದ ಬೆನ್ನಿನ ಪಾಠ

ಸ್ವಲ್ಪ ತಾಳಿ. ಬೆನ್ನು ಹಿಡಿದುಕೊಂಡಿದೆ, ಕಾಲುಗೂಸಿನ ಬಾಗಿಲಿಗೆ ಹೋಗಿ ಮೂರು ಒದೆ ತಿಂದು ಬರೋಣ ಅಂತ ಯಾರಾದರೂ ಎದ್ದಿದ್ದರೆ ಮತ್ತೆ ಕೂತುಕೊಳ್ಳಿ. ನಾನೇ ಕಾಲುಗೂಸು. ಎಲ್ಲ ಮಕ್ಕಳೂ ತಲೆ ಮುಂದೆ ಮಾಡಿ ಹುಟ್ಟಿದರೆ ನಾನು ಕಾಲು ಮುಂದೆ ಮಾಡಿ ಹುಟ್ಟಿದವನು. ಇಂಥವನು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆ ಎಂದು ಕಂಬಂ ಕಣಿವೆಯಲ್ಲಿ ನಂಬದವರಿಲ್ಲ. ಕನ್ನಡ ಮಾತಾಡುವ ನಮ್ಮವರೂ ಅಷ್ಟೇ, ತಮಿಳರೂ ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಬೆನ್ನು ಒದ್ದಿದ್ದೇನೋ ನನಗೇ ಗೊತ್ತಿಲ್ಲ. ಈಗ ಹೇಳುವುದು ಒಂದೇ ಒಂದು ಬೆನ್ನಿನ ವಿಷಯ. ನೆನೆಸಿಕೊಂಡರೆ ನನಗೆ ನನ್ನ ಬಲಗಾಲಿನ ಮೇಲೆಯೇ ಹೇಸಿಗೆ ಬರುತ್ತದೆ. ಆದರೂ ಪೂರ್ತಿ ಹೇಳುತ್ತೇನೆ. ಕೊನೆಯವರೆಗೆ ಕಾಯಿರಿ.

ಒದೆಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಬಿಸಿಲು ಏರುವ ಮುಂಚೆ ಬರಬೇಕು. ನೋವಿನವನು ನಮ್ಮ ಹೊಸ್ತಿಲ ಹೊರಗೆ ನಿಂತು, ಬಾಗಿಲ ಚೌಕಟ್ಟು ಹಿಡಿದು, ಮುಖ ಬೀದಿಗೆ ಮಾಡಬೇಕು. ನಾನು ಒಳಗೆ ಬಲಗಾಲನ್ನು ಅರಿಶಿನದ ನೀರಿನಲ್ಲಿ ತೊಳೆದುಕೊಂಡು ಬಂದು ಮೂರು ಸಲ ಒದೆಯಬೇಕು. ಒದೆಸಿಕೊಂಡವನು ತಿರುಗಿ ನೋಡದೆ, ಹೋಗಿಬರುತ್ತೇನೆ ಎಂದೂ ಹೇಳದೆ ನಡೆದುಬಿಡಬೇಕು. ತೆಂಗಿನಕಾಯೋ ವೀಳ್ಯದೆಲೆಯೋ ಮೊದಲೇ ಜಗುಲಿಯ ಮೇಲೆ ಇಟ್ಟಿರಬೇಕು.

ಇದರಲ್ಲಿ ನನ್ನ ಪಾಲಿಗೆ ಬರುವುದೇನು ಹೇಳಿ? ಬೆನ್ನುಗಳು. ಹರಳೆಣ್ಣೆ ಮೆತ್ತಿದ ಬೆನ್ನು, ಹುಳುಕಡ್ಡಿಯ ಬೆನ್ನು, ಬೆವರು ಒಣಗಿ ಉಪ್ಪುಗಟ್ಟಿದ ಬೆನ್ನು. ಆ ವರ್ಷಗಳಲ್ಲಿ ಬೆಟ್ಟದ ಮೇಲೆ ದೊಡ್ಡ ಅಣೆ ಕಟ್ಟುತ್ತಿದ್ದರು. ಸುಣ್ಣದ ಮೂಟೆ ಹೊತ್ತು ಸೊಂಟ ಹಿಡಿದ ಕೂಲಿಯವರು, ಗಾಡಿಯವರು, ಎಲ್ಲರೂ ನಮ್ಮ ಬಾಗಿಲಿಗೇ. ಬೆವರಿನ ಜೊತೆ ಸುಣ್ಣ ಸೇರಿ ಗಂಜಿಯಂತಾದ ಬೆನ್ನಿಗೆ ಬರಿಗಾಲು ಇಟ್ಟು ನೋಡಿ, ಆಮೇಲೆ ಊಟಕ್ಕೆ ಕೂತು ನೋಡಿ.

ಅಂಥ ಒಬ್ಬ ಗಾಡಿಯವನು ಕಾಯಿ ತರುವುದು ಮರೆತು, ಅದರ ಬದಲು ಹೊಗೆಸೊಪ್ಪು ಸುತ್ತಿಕೊಳ್ಳಲು ಇಟ್ಟುಕೊಂಡಿದ್ದ ಹಳೆಯ ತಮಿಳು ಪುಸ್ತಕವೊಂದನ್ನು ಕೊಟ್ಟುಹೋದ. ದೇಹದ ಒಳಗಿನ ವಿಷಯದ ಪುಸ್ತಕ. ಅರ್ಧದಷ್ಟು ಹಾಳೆ ಹೊಗೆಸೊಪ್ಪಿಗೆ ಹೋಗಿತ್ತು. ಉಳಿದ ಅರ್ಧದಲ್ಲಿ ಮಿದುಳು, ಬೆನ್ನುಮೂಳೆ, ನರಗಳ ಚಿತ್ರವಿತ್ತು. ನಾನು ಅದನ್ನು ಒಂದು ತಿಂಗಳು ಕೆಳಗಿಡಲಿಲ್ಲ. ಬೆನ್ನುಮೂಳೆ ಅಂದರೆ ಒಂದು ಕೋಲಲ್ಲವಂತೆ! ಮಣಿಯ ಮೇಲೆ ಮಣಿ ಜೋಡಿಸಿದ್ದಂತೆ. ಮಣಿಗಳ ನಡುವಿನ ತೂತಿನಲ್ಲಿ ಮಿದುಳಿನಿಂದಲೇ ಇಳಿದ ಒಂದು ಮೆತ್ತನೆಯ ಹುರಿಯಂತೆ. ನಾನು ಇಷ್ಟು ವರ್ಷ ಒದ್ದದ್ದು ಅದರ ಮೇಲೆ!

ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ ಅನ್ನಿಸಿತು. ಕಸಾಯಿಯವನ ಹತ್ತಿರ ಮೇಕೆಯ ಬೆನ್ನುಮೂಳೆ ಕೇಳಿ ತಂದು, ಹಿತ್ತಲಲ್ಲಿ ಕುದಿಸಿ, ಮಾಂಸ ಬಿಡಿಸಿ, ಸೆಣಬಿನ ಹುರಿಗೆ ಪೋಣಿಸಿದೆ. ಸರಿಯಾಗಿ ಬೇಯಲಿಲ್ಲ. ನಾತ ಹೊಡೆಯುತ್ತಿತ್ತು, ಇರುವೆ ಸಾಲು ಬಿಡುತ್ತಲೇ ಇರಲಿಲ್ಲ. ಅದನ್ನೇ ಜಗುಲಿಯ ಮೇಲೆ ಹಿಡಿದುಕೊಂಡು ಕೂತು, ಒದೆಗೆ ಬಂದವರಿಗೆಲ್ಲ ಮೊದಲು ಪಾಠ, ಆಮೇಲೆ ಒದೆ ಎಂದು ಮಾಡಿದೆ. ಜನ ಕೇಳುತ್ತಿದ್ದರು. ಕೈಕಟ್ಟಿ ನಿಂತು, ತಲೆಯಾಡಿಸುತ್ತ, ಪೂರ್ತಿ ಕೇಳುತ್ತಿದ್ದರು.

ಕೊಂಬೈ ಕಡೆಯ ಒಬ್ಬ ಹೆಂಗಸು ಒಂದು ದಿನ ಎಲ್ಲ ಕೇಳಿ ಮುಗಿಸಿ, "ಮೂಳೆ ಎಲ್ಲಾ ನೋಡಿದ್ದಾಯ್ತು ತಂಬಿ. ಬೆಳಗಾನ ನಡ್ಕೊಂಡು ಬಂದಿವ್ನಿ. ಈಗ ಸೀಕ್ಕಿರ, ಬಿರ್ರನೆ ಒದ್ದು ಕಳ್ಸು" ಅಂದಳು.

ಒಳಗಿನಿಂದ ನಮ್ಮ ಅಜ್ಜಿ ಕೂಗಿದಳು. "ಒದಿಯೋ ಕಾಲಿಗೆ ಬಾಯಿ ಯಾಕ್ಲಾ? ಆ ನಾತದ ಸರ ಬಿಸಾಕು, ಕಾಲು ತೊಳ್ಕೊ."

ನನ್ನ ಪಾಠವನ್ನು ನಿಜವಾಗಿ ಕಿವಿಗೆ ಹಾಕಿಕೊಂಡವನು ಚಿಕ್ಕಪ್ಪ ಒಬ್ಬನೇ. ಅಜ್ಜಿಯ ಕಿರಿಮಗ. ನನಗಿಂತ ಎಂಟು ಹತ್ತು ವರ್ಷ ದೊಡ್ಡವನಿರಬಹುದು. ಗದ್ದೆಗೆ ನೀರು ಕಟ್ಟುವುದರಲ್ಲಿ ಅವನಷ್ಟು ಚುರುಕಿನವನು ಊರಲ್ಲಿರಲಿಲ್ಲ. ಹೋಗುತ್ತ ಬರುತ್ತ, "ಏನ್ಲಾ, ನಿನ್ನ ಮೇಕೆಗೆ ಬೆನ್ನಿನ ಸುಳುಕ್ಕು ವಾಸಿ ಆಯ್ತಾ?" ಎಂದು ರೇಗಿಸುತ್ತಿದ್ದ. ಆದರೆ ಹಾಗೆ ರೇಗಿಸಿ ಕೂತುಕೊಳ್ಳುತ್ತಿದ್ದ. ಆ ಹುರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದ. ನನಗೆ ಅಷ್ಟೇ ಸಾಕಾಗಿತ್ತು.

ಹಿತ್ತಲ ಹುಣಸೆಮರ ಬಡಿಯಲು ಹತ್ತಿದ ದಿನ ಅವನು ಬಿದ್ದ. ಕೊಂಬೆ ಮುರಿದ ಸದ್ದಿಗೆ ನಾನು ಓಡಿದೆ. ಹುಣಸೆಹಣ್ಣು ಚೆಲ್ಲಿದ ನೆಲದ ಮೇಲೆ ಅಂಗಾತ ಬಿದ್ದಿದ್ದ. ಮಾತು ಸರಿಯಿತ್ತು. ಬೆನ್ನು ಉರಿಯುತ್ತಿದೆ ಎಂದ. ಪುಸ್ತಕದಲ್ಲಿ ಓದಿದ್ದು ನೆನಪಾಗಿ ಅವನ ಕಾಲಿನ ಹೆಬ್ಬೆರಳು ಚಿವುಟಿದೆ.

"ಗೊತ್ತಾಗ್ತದೇನು ಚಿಕ್ಕಪ್ಪಾ?"

"ಗೊತ್ತಾಗ್ತದೆ ಕಣ್ಲಾ. ಇರುವೆ ಅರ್ದಂಗೆ ಐತೆ."

"ಬೆರಳು ಆಡ್ಸು."

ಆಡಿಸಿದ. ಎರಡು ಕಾಲಿನದೂ. ನಾನು ಕಣ್ಣಾರೆ ನೋಡಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಅಜ್ಜಿ, ಚಿಕ್ಕಮ್ಮ, ಅಕ್ಕಪಕ್ಕದ ನಾಲ್ಕು ಗಂಡಸರು ಸೇರಿದರು. ನಾನು ಎದ್ದು ನಿಂತು, "ಯಾರೂ ಒದೆಯ ಮಾತೆತ್ತಬೇಡಿ. ಇದು ಉಳುಕಲ್ಲ. ಮಣಿ ಮುರಿದಿದೆ. ವಂಡಿಗೆ ಎತ್ತು ಕಟ್ಟಿ, ದಿಂಡಿಗಲ್ ಆಸುಪತ್ರೆಗೆ ಹೋಗೋಣ" ಅಂದೆ.

"ಊರಾರ ಬೆನ್ನೆಲ್ಲ ಒದ್ದೆ. ನನ್ನ ಮಗನ ಬೆನ್ನಿಗೆ ನಿನ್ನ ಕಾಲು ಏಳದಾ?" ಅಂದಳು ಅಜ್ಜಿ.

"ಅಜ್ಜೀ, ಒದ್ದರೆ ಕೆಡುತ್ತೆ."

"ಇಷ್ಟು ಜನ ಕೆಟ್ರಾ? ನಿನ್ನ ಹೆತ್ತೋಳು ಮೂರು ದಿನ ಸತ್ತು ಸತ್ತು ನಿನ್ನ ಕಾಲು ಹೊರಗೆ ತಂದ್ಳು. ಅದು ಯಾಕಂತ ತಿಳ್ಕೊಂಡೆ? ಮೊದ್ಲು ಮೂರು ಒದೆ. ಆಮೇಲೆ ನೀ ಅಂದ ಕಡೆಗೆ ವಂಡಿ."

ಇಲ್ಲಿ ನಾನು ಜಾಣನಾದೆ. ಒಂದು ಗಳಿಗೆ ಯೋಚಿಸಿದೆ. ಒದೆಯಬೇಕಾಗಿಲ್ಲ, ಹೆಬ್ಬೆರಳನ್ನು ಮೆಲ್ಲಗೆ ಮುಟ್ಟಿಸಿದರೆ ಇವರಿಗೆ ಸಾಕು, ಗಾಡಿ ಹೊರಡುತ್ತದೆ ಎಂದುಕೊಂಡೆ. ಹಾಗೇ ಆಗಲಿ ಅಂದೆ. ನನ್ನ ಉಪಾಯಕ್ಕೆ ನಾನೇ ಹಿಗ್ಗಿ, ಕಾಲು ತೊಳೆಯಲು ಒಳಗೆ ಹೋದೆ. ಅರಿಶಿನ ಹುಡುಕಿದೆ. ನೀರಿಗೆ ಕಲಸಿದೆ. ನನ್ನ ಕಾಲು, ನನ್ನ ಕಾಲು ಎಷ್ಟು ಮೆಲ್ಲಗೆ ತಾಗಬೇಕು ಎನ್ನುವುದೊಂದೇ ತಲೆಯಲ್ಲಿ.

ಆಗ ಬಾಗಿಲ ಕಡೆಯಿಂದ ಚಿಕ್ಕಪ್ಪ ಕೂಗಿದ. ಅಂಥ ಕೂಗು ಎತ್ತಿನ ಬಾಯಲ್ಲೂ ಕೇಳಿರಲಿಲ್ಲ.

ಬಂದು ನೋಡಿದರೆ ನಾಲ್ಕು ಗಂಡಸರು ಅವನ ಕಂಕುಳಿಗೆ ಕೈಕೊಟ್ಟು, ಹಿತ್ತಲಿಂದ ಎತ್ತಿ ತಂದು, ಹೊಸ್ತಿಲ ಹೊರಗೆ ನೆಟ್ಟಗೆ ನಿಲ್ಲಿಸಿದ್ದರು. ಕ್ರಮ ಹಾಗೇ ಅಲ್ಲವೇ? ನೋವಿನವನು ನಿಂತಿರಬೇಕು, ಬೆನ್ನು ಒಳಗೆ, ಮುಖ ಬೀದಿಗೆ. ಚಿಕ್ಕಪ್ಪನ ಕತ್ತು ಮುಂದಕ್ಕೆ ಬಿದ್ದಿತ್ತು. ಪಾದಗಳು ನೆಲದ ಮೇಲೆ ಒಗೆದ ಬಟ್ಟೆಯ ತುದಿಯ ಹಾಗೆ ಎಳೆದುಕೊಂಡಿದ್ದವು. ಪಂಚೆ ಒದ್ದೆಯಾಗಿ ಉಚ್ಚೆ ಕಾಲಗುಂಟ ಇಳಿಯುತ್ತಿತ್ತು.

ಒಂದು ವರ್ಷ ನಾನು ಜಗುಲಿಯ ಮೇಲೆ ಕೂತು ಪಾಠ ಹೇಳಿದ್ದೆ. ಮಣಿ ಎಷ್ಟು, ನರ ಎಲ್ಲಿಂದ ಹೊರಡುತ್ತದೆ, ಮಿದುಳಿನ ಬಣ್ಣ ಯಾವುದು, ಎಲ್ಲ ಹೇಳಿದ್ದೆ. ಮೇಲಿನಿಂದ ಬಿದ್ದವನನ್ನು ಎತ್ತಿ ನಿಲ್ಲಿಸಬೇಡಿ ಎಂಬ ಒಂದು ಮಾತನ್ನು ಒಬ್ಬರಿಗೂ ಹೇಳಿರಲಿಲ್ಲ. ಆ ಹಾಳೆ ಹೊಗೆಸೊಪ್ಪಿಗೆ ಹೋಗಿತ್ತೇನೋ. ಅದೆಲ್ಲ ಸಬೂಬು. ಮಣಿ ಪೋಣಿಸಿದ ಹುರಿಯನ್ನು ದಿನವೂ ಕೈಯಲ್ಲಿ ಹಿಡಿದವನಿಗೆ ಅಷ್ಟು ತೋಚಬೇಡವೇ?

ಇನ್ನೂ ಹೇಸಿಗೆಯ ಮಾತು ಇದೆ. ಅವನ ಕಾಲು ಸತ್ತದ್ದನ್ನು ನೋಡಿದ ಮೇಲೂ ನಾನು ನನ್ನ ಕಾಲು ಎತ್ತಿದೆ. ಅರಿಶಿನದ ನೀರು ತೊಟ್ಟಿಕ್ಕುತ್ತಿದ್ದ ಹೆಬ್ಬೆರಳನ್ನು ಅವನ ಬೆನ್ನಿಗೆ ಮೂರು ಸಲ ಮುಟ್ಟಿಸಿದೆ. ಯಾಕೆಂದರೆ ಮಾತು ಕೊಟ್ಟಿದ್ದೆ, ಗಾಡಿ ಬೇಕಿತ್ತು. ಸುತ್ತ ನಿಂತವರು "ಆಯ್ತಾಯ್ತು, ಇನ್ನು ಸರಿ ಓಗ್ತದೆ" ಎಂದು ಸಮಾಧಾನದ ಉಸಿರುಬಿಟ್ಟರು.

ಕೊಟ್ಟಿಗೆಯ ಬಾಗಿಲ ಹಲಗೆ ಕಿತ್ತು, ಅದರ ಮೇಲೆ ಅವನನ್ನು ಮಲಗಿಸಿ, ಎದೆಗೂ ತೊಡೆಗೂ ಪಂಚೆ ಕಟ್ಟಿ ಗಾಡಿಗೆ ಏರಿಸಿದೆವು. ಅಜ್ಜಿಯೂ ಬಂದಳು. ತೇಣಿ ದಾಟಿ ದಿಂಡಿಗಲ್‌ವರೆಗೆ ಮೂರು ದಿನದ ದಾರಿ. ನೆರಳು ಸಿಕ್ಕ ಕಡೆ ನಿಲ್ಲಿಸಿ ಅವನ ಕೆಳಗಿನ ಹುಲ್ಲು ಬದಲಿಸುತ್ತಿದ್ದೆ. ಒದ್ದೆಯಾದರೂ ಅವನಿಗೆ ತಿಳಿಯುತ್ತಿರಲಿಲ್ಲ. ನೊಣ ಮುತ್ತಿದ ಮೇಲೆ ನಮಗೆ ತಿಳಿಯುತ್ತಿತ್ತು. ಅವನು ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದ.

ಎರಡನೆಯ ದಿನ ಅಜ್ಜಿ ನನ್ನ ಹತ್ತಿರ ಸರಿದು, "ಡಾಕ್ಟರ ಮುಂದೆ ಒದ್ದ ಮಾತು, ಎತ್ತಿ ನಿಲ್ಸಿದ ಮಾತು ಎತ್ತಬ್ಯಾಡ" ಅಂದಳು. "ಕಾಡುಜನ ಅಂತ ನಗ್ತಾರೆ. ಬಿದ್ದ, ಕಾಲು ಓಯ್ತು. ಅಷ್ಟೇ ಅನ್ನು."

ನನಗೂ ಅದು ಅನುಕೂಲವಾಗಿಯೇ ಕಂಡಿತು.

ಆಸುಪತ್ರೆಯ ಡಾಕ್ಟರು ತಮಿಳರು. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ, ನಗದ ಮನುಷ್ಯ. ಚಿಕ್ಕಪ್ಪನ ಕಾಲಿಗೆ ಸೂಜಿ ಚುಚ್ಚಿ ನೋಡಿ, ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಬಿದ್ದ ಗಳಿಗೆಯಲ್ಲೇ ಕಾಲು ಸತ್ತವೋ, ಆಮೇಲೆ ಸತ್ತವೋ?"

"ಬಿದ್ದಾಗಲೇ ಸಾಮಿ" ಅಂದಳು ಅಜ್ಜಿ.

"ಹಾಗಾದರೆ ಮಾಡುವುದು ಏನೂ ಇಲ್ಲ. ಶುಚಿಯಾಗಿ ಇಟ್ಟುಕೊಳ್ಳಿ, ಹೊರಳಿಸುತ್ತಿರಿ" ಎಂದು ಪಕ್ಕದ ಮಂಚಕ್ಕೆ ತಿರುಗಿದರು.

ಅಷ್ಟು ಬೇಗ ತಿರುಗುತ್ತಾರೆಂದು ನಾನು ಎಣಿಸಿರಲಿಲ್ಲ. ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದ. ಬೆರಳು ಆಡಿಸಿದ್ದು ಅವನಿಗೂ ನೆನಪಿತ್ತು. ಅಮ್ಮನ ಮಾತಿಗೆ ಎದುರು ಹೇಳಲಾರದೆ ನನ್ನ ಬಾಯಿ ನೋಡುತ್ತಿದ್ದ.

"ಇಲ್ಲ ಸಾರ್. ಬಿದ್ದ ಮೇಲೂ ಬೆರಳು ಆಡುತ್ತಿದ್ದವು. ಎತ್ತಿ ನಿಲ್ಲಿಸಿದೆವು. ಆಗ ಸತ್ತವು. ನಾನು ಒದೆಯಬೇಕೆಂದು ನಿಲ್ಲಿಸಿದರು" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಕೈ ನನ್ನ ಬೆನ್ನ ಮೇಲೆ ಬಿತ್ತು.

ಡಾಕ್ಟರು ತಿರುಗಿ ಬಂದರು. ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ಹಾಗೇ ಇಟ್ಟುಕೊಂಡು ಹೇಳಿದರು. ಬಿದ್ದಾಗಲೇ ಸತ್ತಿದ್ದರೆ ಒಳಗಿನ ನರದ ಹುರಿ ಹರಿದಂತೆ. ಆಡಿ ಆಮೇಲೆ ಸತ್ತಿದ್ದರೆ ಮುರಿದ ಮೂಳೆ ಅದನ್ನು ಒತ್ತುತ್ತಿರಬಹುದು. ಬೆನ್ನು ಕೊಯ್ದು ಆ ಮೂಳೆ ತೆಗೆಯಬಹುದು. ತಾವು ಅದನ್ನು ಒಂದೇ ಸಲ ಮಾಡಿದ್ದು, ಆ ರೋಗಿ ಉಳಿಯಲಿಲ್ಲ. ಒಪ್ಪಬೇಕಾದವನು ಮಲಗಿರುವವನು, ಅವನಿಗೆ ಅರ್ಥವಾಗುವ ಹಾಗೆ ಹೇಳು ಎಂದು ನನಗೆ ಹೇಳಿ ಹೋದರು.

ಒಂದು ವರ್ಷ ಇದಕ್ಕೇ ಅಲ್ಲವೇ ಬಾಯಿ ಸಾಣೆ ಹಿಡಿದದ್ದು? ಚೀಲದಲ್ಲಿ ಮೇಕೆಯ ಮೂಳೆಸರ ಇತ್ತು. ಹೌದು, ಅದನ್ನೂ ತಂದಿದ್ದೆ! ಕೈ ಹಾಕಿದೆ.

"ಆ ನಾತ ಹೊರಗೆ ತೆಗೀಬ್ಯಾಡ" ಅಂದ ಚಿಕ್ಕಪ್ಪ. "ಬಾಯ್ಮಾತಲ್ಲಿ ಏಳು. ನಿಜ ಏಳು. ನೀ ಒದ್ದಿದ್ದಕ್ಕಾ?"

"ಎತ್ತಿ ನಿಲ್ಸಿದ್ದಕ್ಕೆ. ಆಮೇಲೆ ನಾನೂ ಕಾಲು ತಾಗಿಸ್ದೆ."

ಅವನು ಎರಡು ಕೈಯಲ್ಲೂ ಮಂಚದ ಅಂಚು ಹಿಡಿದುಕೊಂಡ. ಆಮೇಲೆ, "ಸರಿ. ಈಗ ಏನು ಮಾಡ್ತಾರೆ?" ಅಂದ.

ಪುಸ್ತಕದ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಅವನಿಗೆ ಗೊತ್ತಿರುವುದರಲ್ಲೇ ಹೇಳಿದೆ. "ಕಾಲುವೇಲಿ ಕಲ್ಲು ಕೂತೈತೆ ಚಿಕ್ಕಪ್ಪಾ. ಮೇಲಿನ ನೀರು ಕೆಳಗಿನ ಗದ್ದೆಗೆ ಇಳೀತಿಲ್ಲ. ಬೆನ್ನು ಕೊಯ್ದು ಕಲ್ಲು ಎತ್ತಾರೆ. ಕಾಲುವೆ ಗಟ್ಟಿ ಇದ್ರೆ ನೀರು ಇಳೀಬಹುದು. ಕಾಲುವೇನೇ ಒಡೆದಿದ್ರೆ ಕಲ್ಲು ತೆಗೆದೂ ಪ್ರಯೋಜನ ಇಲ್ಲ. ತೆಗೆದು ನೋಡೋ ತನಕ ಯಾರಿಗೂ ಗೊತ್ತಾಗಲ್ಲ."

"ಅಗೀವಾಗ ದಂಡೆ ಕುಸಿದ್ರೆ?"

"ಸಾಯ್ತೀಯ."

"ನೋವು?"

"ಮದ್ದು ಮೂಸ್ಸಿ ನಿದ್ದೆ ಮಾಡ್ಸ್ತಾರೆ. ಎದ್ದ ಮೇಲೆ ನೋವಿರ್ತದೆ."

"ನೀರು ಇಲ್ದೆ ಕೆಳಗಿನ ಪೈರು ಎಷ್ಟು ದಿನ ತಡೀತದೆ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಓಡಿಹೋಗಿ ಡಾಕ್ಟರನ್ನು ಕೇಳಿದೆ. ಅವರು ಮೊದಲ ಸಲ ನನ್ನ ಮುಖವನ್ನು ನೋಡಿದರು. "ಆಗಲೇ ತಡವಾಗಿದೆ ಎಂದು ಹೇಳು" ಅಂದರು.

ಹೇಳಿದೆ. ಚಿಕ್ಕಪ್ಪ, "ಕಲ್ಲು ತೆಗೀಲಿ" ಅಂದ. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು.

ಅವನನ್ನು ಒಳಗೆ ಒಯ್ದ ಬೆಳಿಗ್ಗೆ ನಾನು ಖಾಲಿ ಮಂಚದ ಪಕ್ಕ ಕೂತಿದ್ದೆ. ಎಲ್ಲಿಂದಲೋ ಮದ್ದಿನ ಸಿಹಿ ವಾಸನೆ, ಅದರ ಕೆಳಗೆ ಕೀವಿನ ವಾಸನೆ. ಬಕೀಟು ಹೊತ್ತು ಒಬ್ಬ ಹಾದುಹೋದ. ಅದರಲ್ಲಿ ಏನಿತ್ತೆಂದು ಹೇಳುವುದಿಲ್ಲ. ಪಕ್ಕದ ಮಂಚದಲ್ಲಿ ಚಿನ್ನಾಳಪಟ್ಟಿಯ ನೇಕಾರನೊಬ್ಬನಿದ್ದ. ಮನೆಯಲ್ಲಿ ಕನ್ನಡ ಆಡುವವನೇ. ತೊಡೆಯ ಹುಣ್ಣಿಗೆ ಸೇರಿದ್ದನಂತೆ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ. ಅತ್ತ ಇತ್ತ ನೋಡಿ ಮೆಲ್ಲಗೆ ಕರೆದ.

"ತಂಬಿ, ನೀ ಕಾಲುಗೂಸಾ?"

ನಾನು ಪಾದಗಳನ್ನು ಮಂಚದ ಕೆಳಗೆ ಎಳೆದುಕೊಂಡೆ.

"ಮಗ್ಗದ ಗುಳೀಲಿ ಕೂತು ಕೂತು ನನ್ನ ಸೊಂಟ ಓಗದೆ. ಡಾಕ್ಟರು ಅಕ್ಕಡೆ ಅವ್ರೆ. ಮೆಲ್ಲಗೆ ಒಂದೇ ಒಂದು..." ಎಂದು ಆಗಲೇ ಮಗ್ಗುಲಾಗಿ ಬೆನ್ನು ಕೊಟ್ಟ.

ಬಾಗಿಲ ಆಚೆ ಒಬ್ಬನ ಬೆನ್ನು ಸೀಳುತ್ತಿದ್ದಾರೆ. ಯಾಕೆಂದು ಇವನು ಪೂರ್ತಿ ಕೇಳಿದ್ದಾನೆ. ಕೇಳಿಯೂ ಬೆನ್ನು ಕೊಡುತ್ತಿದ್ದಾನೆ! ಹೊರಗೆ ಓಡಿ ಬೇವಿನ ಬುಡದಲ್ಲಿ ಕಾರಿಕೊಂಡೆ. ಚೀಲದ ಮೂಳೆಸರವನ್ನು ಅಲ್ಲೇ ಬಿಸಾಡಿದೆ. ನಾಯಿಯೊಂದು ಮೂಸಿ, ಬೇಡವೆಂದು ಹೋಯಿತು.

ಚಿಕ್ಕಪ್ಪ ಉಳಿದ. ಜ್ವರ ಬಂತು, ಗಾಯ ಕೀವಾಯಿತು, ಆದರೂ ಉಳಿದ. ಒಂದು ದಿನ ಒದ್ದೆಯಾಗುವ ಮುಂಚೆಯೇ, "ಪಾತ್ರೆ ತಾರ್ಲಾ" ಅಂದ. ಆ ಮಾತಿಗೆ ನಾನು ಅತ್ತಷ್ಟು ಯಾವ ಸಾವಿಗೂ ಅತ್ತಿಲ್ಲ. ಅದಾದ ಮೇಲೆ ಬಲಗಾಲಿನ ಹೆಬ್ಬೆರಳು ಆಡಿತು. ಆಮೇಲೆ ಮೊಣಕಾಲು. ಎಡಗಾಲು ಬರಲೇ ಇಲ್ಲ. ಈಗ ಎರಡು ಕೋಲು ಊರಿ, ಎಡಗಾಲು ಎಳೆದುಕೊಂಡು, ಜಗುಲಿಯಿಂದ ಗದ್ದೆಯ ತಲೆಬದುವಿನವರೆಗೆ ಹೋಗುತ್ತಾನೆ. ಎತ್ತಿ ನಿಲ್ಲಿಸದಿದ್ದರೆ ಎರಡೂ ಇರುತ್ತಿದ್ದವೋ ಏನೋ. ಇರುತ್ತಿದ್ದವು ಎಂದೇ ನನ್ನ ಎಣಿಕೆ.

ಊರಿಗೆ ಬಂದ ಮೇಲೆ ಏನಾಯಿತು ಗೊತ್ತೇ? ಇದಕ್ಕೇ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿದ್ದು. "ಕಾಲುಗೂಸಿನ ಒದೆಗೆ ಒಂದು ಕಾಲು ಬಂತು" ಎಂದು ಸುದ್ದಿಯಾಯಿತು. "ಅಯ್ಯೋ ಪಾವಂ, ಚಿಕ್ಕಪ್ಪ ಅಂತ ಮೆಲ್ಲಗೆ ಒದ್ದುಬಿಟ್ಟ. ಜೋರಾಗಿ ಒದ್ದಿದ್ರೆ ಎರಡೂ ಬತ್ತಿತ್ತು" ಅಂದರು. ಕಂಕುಳಿಗೆ ಕೈಕೊಟ್ಟು ಎತ್ತಿದ ಆ ನಾಲ್ವರಲ್ಲೇ ಒಬ್ಬ ಮೊದಲು ಹೀಗೆಂದ. ಡಾಕ್ಟರ ಹೆಸರು ಯಾರೂ ಕೇಳಲಿಲ್ಲ. ಬಾಗಿಲಲ್ಲಿ ಮೊದಲಿಗಿಂತ ದೊಡ್ಡ ಸಾಲು. ಅಜ್ಜಿ ಅರಿಶಿನ ಕಲಸಿಟ್ಟಳು.

ನಾನು ಒದೆಯುವುದನ್ನು ಬಿಟ್ಟೆ. ಬಿಟ್ಟರೇನು, ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತರೆ ಸಾಕು, ದಾರಿಹೋಕರು ಹಿಂದೆ ಹಿಂದೆ ಸರಿದು ಬಂದು ತಮ್ಮ ಬೆನ್ನನ್ನು ನನ್ನ ಪಾದಕ್ಕೆ ಉಜ್ಜಿಕೊಂಡು ಹೋಗುತ್ತಾರೆ, ಹಸು ಕಂಬಕ್ಕೆ ಉಜ್ಜಿಕೊಂಡ ಹಾಗೆ. ಈಗ ನಾನು ಎಲ್ಲಿ ಕೂತರೂ ಚಕ್ಕಳಮಕ್ಕಳ ಹಾಕಿ ಪಾದ ಮುಚ್ಚಿಕೊಂಡೇ ಕೂರುವುದು.

ಬಂದವರನ್ನು ತಡೆಯುವವನು ಚಿಕ್ಕಪ್ಪ. ಹೊಸ್ತಿಲ ಪಕ್ಕದಲ್ಲೇ ಅವನ ಚಾಪೆ. ಒದೆ ಕೇಳಿದವರಿಗೆ, "ಬಾ, ಮೊದ್ಲು ನನ್ನ ಬೆನ್ನು ನೋಡು" ಎಂದು ಅಂಗವಸ್ತ್ರ ಸರಿಸುತ್ತಾನೆ. ಬೆನ್ನಗುಂಟ ಇಳಿದ ಗಾಯದ ಗುರುತು ಕೆಂಪು ಜರಿಹುಳದ ಹಾಗಿದೆ. "ನೀನು ಬಾರ ಎತ್ತಿ ಸೊಂಟ ಇಡ್ಕೊಂಡಿದ್ದಾ, ಮೇಲಿಂದ ಬಿದ್ದಿದ್ದಾ? ಕಾಲು ಜುಮುಗುಟ್ತದಾ? ಒಂದಕ್ಕೆ ಓಗೋದು ಗೊತ್ತಾಗ್ತದಾ?" ಎಂದು ಕೇಳುತ್ತಾನೆ. ಬಿದ್ದವರ ಮನೆಯವರು ಬಂದಿದ್ದರೆ, "ಎತ್ತಬ್ಯಾಡಿ, ಕೂರಿಸಬ್ಯಾಡಿ, ಬಿದ್ದಂಗೇ ಅಲಗೆಗೆ ಸರ್ಸಿ ವಂಡಿ ಕಟ್ಟಿ. ಡಾಕ್ಟರ ಮುಂದೆ ಎಲ್ಲಾ ಬಾಯ್ಬಿಡಿ, ನಾಚ್ಕೆಗೆಟ್ಟಿದ್ದೂ ಬಾಯ್ಬಿಡಿ" ಅನ್ನುತ್ತಾನೆ. ಮೇಕೆ ಇಲ್ಲ, ಪುಸ್ತಕ ಇಲ್ಲ. ಅರ್ಧಕ್ಕರ್ಧ ಜನ ಕೇಳಿ ಹಿಂದಿರುಗುತ್ತಾರೆ. ಉಳಿದವರು ನನ್ನ ಪಾದ ಎಲ್ಲಿ ಎಂದು ಹುಡುಕುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಮರದಿಂದಲೋ ಗಾಡಿಯಿಂದಲೋ ಬಿದ್ದಿರಬಹುದು. ಆಗ ಯಾರು ಏನು ಮಾಡಿದಿರಿ, ಕಾಲು ಆಡುತ್ತಿತ್ತೇ, ಯಾವಾಗ ನಿಂತಿತು, ಆಸುಪತ್ರೆಯವರು ನಿಮಗೆ ತಿಳಿಯುವ ಹಾಗೆ ಹೇಳಿದರೇ, ಇದ್ದದ್ದನ್ನು ಇದ್ದ ಹಾಗೆ ನಮ್ಮ ಜಗುಲಿಗೆ ಬರೆದು ತಿಳಿಸಿ; ಇಲ್ಲಿಗೆ ಬಂದವರಿಗೆ ಓದಿ ಹೇಳುತ್ತೇವೆ. ಬಿದ್ದವರು ಬರೆಯಲಿ. ಕಂಕುಳಿಗೆ ಕೈಕೊಟ್ಟು ಎತ್ತಿದವರೂ ಬರೆಯಲಿ.